ಆಸಿಡ್ ರಿಫ್ಲಕ್ಸ್ ಆಪರೇಷನ್‌ಗೆ ಅನುಭವಿ ಸರ್ಜನ್‌ರನ್ನು ಆರಿಸಿಕೊಳ್ಳುವುದು ಹೇಗೆ?

ಜಠರದ ಆಮ್ಲ ಅನ್ನನಾಳಕ್ಕೆ ಮರಳುವ ಆಸಿಡ್ ರಿಫ್ಲಕ್ಸ್‌ಗೆಂದು, ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಆಮ್ಲ ಕಡಿಮೆ ಮಾಡುವ ಒಂದು ಪ್ಯಾಂಟೊಪ್ರಜೋಲ್ ಮಾತ್ರೆ ನುಂಗಿ ದಿನ ಶುರು ಮಾಡುವವರು ನಮ್ಮಲ್ಲಿ ಬಹಳ ಮಂದಿ. ಅವರಲ್ಲಿ ಹೆಚ್ಚಿನವರಿಗೆ ಮಾತ್ರೆ, ಊಟದ ಹೊತ್ತು, ತೂಕ ಇವಿಷ್ಟು ಹದಕ್ಕೆ ಬಂದರೆ ಸಾಕು. ಆದರೆ ಮಾತ್ರೆ ತಗೊಂಡರೂ ಮಲಗಿದೊಡನೆ ತಿಂದದ್ದೆಲ್ಲ ಗಂಟಲಿಗೆ ಬರುವವರಿದ್ದಾರೆ. ಅನ್ನನಾಳದಲ್ಲಿ ಹುಣ್ಣು ಮಾಯದವರು, ದೊಡ್ಡ ಹಯೇಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಯೊಳಗೆ ಜಾರುವುದು) ಇರುವವರು, ಮೂವತ್ತು ವರ್ಷಕ್ಕೇ ಶುರುವಾದ ಮಾತ್ರೆಯನ್ನು ಜೀವನಪೂರ್ತಿ ನುಂಗಲಾರೆ ಎನ್ನುವವರು ಕೂಡ ಇದ್ದಾರೆ. ಆಪರೇಷನ್ ಮಾತು ಬರುವುದು ಇಂಥವರಿಗೆ.

ಅಲ್ಲಿಂದ ಮುಂದೆ ಯಾರ ಕೈಯಲ್ಲಿ ಮಾಡಿಸಿಕೊಳ್ಳುತ್ತೀರಿ ಎಂಬುದು ಬಹಳ ಮುಖ್ಯ. ಈ ಆಪರೇಷನ್ ಮೊದಲ ಸಲವೇ ಸರಿಯಾಗಬೇಕು. ಎರಡನೇ ಸಲ ಹೊಟ್ಟೆಯೊಳಗೆ ಹೋದಾಗ ಜಠರ, ಪಿತ್ತಜನಕಾಂಗ, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪೊರೆ) ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸುವಾಗ ಅನ್ನನಾಳಕ್ಕೋ ಅಲ್ಲೇ ಹಾದುಹೋಗುವ ವೇಗಸ್ ನರಕ್ಕೋ ಪೆಟ್ಟಾಗುವ ಅಪಾಯ ಹೆಚ್ಚು, ಸಿಗುವ ಪರಿಹಾರವೂ ಮೊದಲಿನಷ್ಟಿರುವುದಿಲ್ಲ. ಹಾಗಾಗಿ ಹುಡುಕಾಟ, ಪ್ರಶ್ನೆ, ಎರಡನೇ ಅಭಿಪ್ರಾಯ ಎಲ್ಲವೂ ಮೊದಲ ಆಪರೇಷನ್ನಿಗೆ ಮುಂಚೆಯೇ ಮುಗಿಯಬೇಕು.

ಮೊದಲು, ಒಳಗೆ ಏನು ಮಾಡುತ್ತಾರೆ ಎಂದು ತಿಳಿದುಕೊಳ್ಳಿ

ಆಪರೇಷನ್ನಿನ ಹೆಸರು ಫಂಡೊಪ್ಲಿಕೇಶನ್. ರುಡಾಲ್ಫ್ ನಿಸ್ಸೆನ್ ಎಂಬ ಸರ್ಜನ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಾಡಿ 1956ರಲ್ಲಿ ಪ್ರಕಟಿಸಿದ ವಿಧಾನವೇ ಇವತ್ತಿಗೂ ಇದರ ಮೂಲ. 1991ರಲ್ಲಿ ಬೆಲ್ಜಿಯಂನ ಸರ್ಜನ್‌ಗಳು ಅದನ್ನು ಲ್ಯಾಪ್ರೋಸ್ಕೋಪಿಯಲ್ಲಿ ಮಾಡಿದ ವರದಿ ಬಂದ ಮೇಲೆ ಹೊಟ್ಟೆ ಕೊಯ್ಯುವ ಪದ್ಧತಿ ಹಿಂದೆ ಸರಿಯಿತು. ಈಗ ಸಾಮಾನ್ಯವಾಗಿ ಐದು ಸಣ್ಣ ತೂತುಗಳ ಮೂಲಕ ಕೆಲಸ ನಡೆಯುತ್ತದೆ.

ಎದೆಯೊಳಗೆ ಜಾರಿರುವ ಜಠರದ ಮೇಲ್ಭಾಗವನ್ನು ಕೆಳಗೆಳೆದು, ಅನ್ನನಾಳದ ಎರಡು ಮೂರು ಸೆಂಟಿಮೀಟರ್ ಭಾಗ ಎಳೆತವಿಲ್ಲದೆ ಹೊಟ್ಟೆಯೊಳಗೆ ನಿಲ್ಲುವಂತೆ ಬಿಡಿಸುತ್ತಾರೆ. ಅಗಲವಾಗಿರುವ ವಪೆಯ ಕಂಡಿಯನ್ನು ಹೊಲಿಗೆ ಹಾಕಿ ಕಿರಿದು ಮಾಡುತ್ತಾರೆ. ಆಮೇಲೆ ಜಠರದ ಮೇಲಿನ ಮೆತ್ತನೆ ಭಾಗವನ್ನು, ಕುತ್ತಿಗೆಗೆ ಶಾಲು ಹೊದ್ದ ಹಾಗೆ, ಅನ್ನನಾಳದ ಹಿಂದಿನಿಂದ ಸುತ್ತಿ ಹೊಲಿಯುತ್ತಾರೆ. ಪೂರ್ತಿ 360 ಡಿಗ್ರಿ ಸುತ್ತಿದರೆ ನಿಸ್ಸೆನ್, ಹಿಂದಿನಿಂದ 270 ಡಿಗ್ರಿ ಸುತ್ತಿದರೆ ಟೂಪೆ, ಮುಂದಿನಿಂದ 180 ಡಿಗ್ರಿ ಮುಚ್ಚಿದರೆ ಡಾರ್. ಸುತ್ತು ಬಿಗಿಯಾದರೆ ಅನ್ನ ಇಳಿಯುವುದಿಲ್ಲ, ಸಡಿಲವಾದರೆ ಆಮ್ಲ ನಿಲ್ಲುವುದಿಲ್ಲ. ಕಂಡಿಯ ಹೊಲಿಗೆ ಬಿಟ್ಟುಕೊಂಡರೆ ಇಡೀ ಸುತ್ತೇ ಎದೆಗೆ ಏರಿಬಿಡುತ್ತದೆ. ಈ ಬಿಗಿ ಸಡಿಲವನ್ನು ಅಳೆದು ತೋರಿಸುವ ಯಂತ್ರ ಹೆಚ್ಚಿನ ಆಪರೇಷನ್ ಥಿಯೇಟರ್‌ಗಳಲ್ಲಿ ಇರುವುದಿಲ್ಲ. ಹದ ಗೊತ್ತಾಗುವುದು ಇದೇ ಆಪರೇಷನ್ನನ್ನು ಮತ್ತೆ ಮತ್ತೆ ಮಾಡಿದ ಕೈಗೆ.

ಪಿತ್ತಕೋಶದ ಕಲ್ಲಿಗೆ ಸಾವಿರಾರು ಲ್ಯಾಪ್ರೋಸ್ಕೋಪಿ ಮಾಡಿದವರೂ ಈ ಜಾಗಕ್ಕೆ ಹೊಸಬರಾಗಿರಬಹುದು. ಪಿತ್ತಕೋಶ, ಅಪೆಂಡಿಕ್ಸ್, ಹೊಕ್ಕುಳ ಹರ್ನಿಯಾ ನಿತ್ಯದ ಕೆಲಸ. ಫಂಡೊಪ್ಲಿಕೇಶನ್ ನಮ್ಮಲ್ಲಿ ಅಷ್ಟು ನಡೆಯುವುದಿಲ್ಲ, ಏಕೆಂದರೆ ಹೆಚ್ಚಿನ ರೋಗಿಗಳು ಮಾತ್ರೆಯಲ್ಲೇ ಇರುತ್ತಾರೆ. ಆದ್ದರಿಂದ ‘ಒಳ್ಳೆ ಲ್ಯಾಪ್ರೋಸ್ಕೋಪಿ ಡಾಕ್ಟರು’ ಎಂಬ ಹೆಸರೊಂದೇ ಸಾಲದು.

ಹಂತ 1: ರೋಗ ಯಾವುದೆಂದು ಸಾಬೀತು ಮಾಡಿಸಿ

ಸರ್ಜನ್ ಹುಡುಕುವ ಮಾರ್ಗದರ್ಶಿಯಲ್ಲಿ ಪರೀಕ್ಷೆಗಳ ಮಾತು ಯಾಕೆ ಎನಿಸಬಹುದು. ನನ್ನ ದೃಷ್ಟಿಯಲ್ಲಿ ಸರ್ಜನ್ ಎಂಥವರೆಂದು ತಿಳಿಯುವುದೇ ಇಲ್ಲಿ. ಪರೀಕ್ಷೆ ಪೂರ್ತಿಯಾಗದೆ ಆಪರೇಷನ್ ತಾರೀಖು ಕೊಡುವವರಲ್ಲಿಂದ ನಯವಾಗಿ ಎದ್ದು ಬನ್ನಿ.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಒಳ್ಳೆಯ ಪುರಾವೆ. ಮಾತ್ರೆಗೆ ಬಗ್ಗದ ಎದೆಯುರಿ ಎಂದು ಬಂದ 366 ಜನರನ್ನು ಸೇರಿಸಿಕೊಂಡರು. ಮಾತ್ರೆಯನ್ನು ಸರಿಯಾದ ಕ್ರಮದಲ್ಲಿ ಎರಡು ವಾರ ಕೊಟ್ಟಾಗಲೇ 42 ಜನರಿಗೆ ಉರಿ ಇಳಿಯಿತು. 99 ಜನರಿಗೆ ಉರಿ ನಿಜವಾಗಿಯೂ ಇತ್ತು, ಆದರೆ ಆಮ್ಲಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಇನ್ನು ಕೆಲವರಲ್ಲಿ ಬೇರೆ ಕಾಯಿಲೆ ಸಿಕ್ಕಿತು, ಕೆಲವರು ತಾವೇ ಬಿಟ್ಟುಹೋದರು. ಕೊನೆಗೆ ಚಿಕಿತ್ಸೆ ಹೋಲಿಸುವ ಹಂತಕ್ಕೆ ಬಂದವರು 78 ಮಂದಿ. ಹೀಗೆ ಸೋಸಿ ತೆಗೆದ ಆ ಗುಂಪಿನಲ್ಲಿ ಆಪರೇಷನ್ ಆದವರ ಪೈಕಿ 67 ಶೇಕಡಾ ಜನರಿಗೆ ಗುಣ ಕಂಡಿತು, ಔಷಧಿ ಹೆಚ್ಚಿಸಿದವರಲ್ಲಿ 28 ಶೇಕಡಾ. ಸೋಸದೇ ಎಲ್ಲರನ್ನೂ ಟೇಬಲ್ ಮೇಲೆ ಮಲಗಿಸಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಹಾಗಾಗಿ ಮೊದಲು ಮಾತ್ರೆ ನುಂಗುವ ಹೊತ್ತು ನೋಡಿಕೊಳ್ಳಿ. ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕಾದ್ದನ್ನು ಊಟದ ಮೇಲೆ, ಮಲಗುವಾಗ, ನೆನಪಾದಾಗ ತೆಗೆದುಕೊಂಡು ‘ಕೆಲಸ ಮಾಡುತ್ತಿಲ್ಲ’ ಎನ್ನುವವರು ಬಹಳ. ಎದೆನೋವಿದ್ದರೆ ಗ್ಯಾಸ್ಟ್ರಿಕ್ ಎಂದು ಕೂರದೆ ಮೊದಲು ಹೃದಯ ತೋರಿಸಿ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಟಾರಿನಂತೆ ಕಪ್ಪು ಮಲ ಇದ್ದರೆ ಕೂಡಲೇ ಡಾಕ್ಟರನ್ನು ಕಾಣಿ.

ಆಮೇಲೆ ಎಂಡೋಸ್ಕೋಪಿ. ನಮ್ಮ ರಿಪೋರ್ಟ್‌ಗಳಲ್ಲಿ ‘ಲ್ಯಾಕ್ಸ್ ಎಲ್‌ಇಎಸ್’ (ಅನ್ನನಾಳದ ಕೆಳಬಾಗಿಲು ಸಡಿಲ), ‘ಗ್ರೇಡ್ ಎ ಈಸೊಫೆಜೈಟಿಸ್’ (ಅನ್ನನಾಳದ ಸಣ್ಣ ಉರಿಯೂತ), ‘ಆಂಟ್ರಲ್ ಗ್ಯಾಸ್ಟ್ರೈಟಿಸ್’ (ಜಠರದ ಕೆಳಭಾಗದ ಉರಿಯೂತ) ಎಂಬ ಪದಗಳು ಮೇಲಿಂದ ಮೇಲೆ ಬರುತ್ತವೆ. ಇವನ್ನು ನೋಡಿ ಹೆದರಬೇಡಿ. ಇವಿಷ್ಟರ ಮೇಲೆ ಆಪರೇಷನ್ ನಿರ್ಧಾರವಾಗುವುದಿಲ್ಲ. ಗ್ರೇಡ್ ಎ ಯಾವ ತೊಂದರೆಯೂ ಇಲ್ಲದವರಲ್ಲೂ ಕಾಣಿಸುತ್ತದೆ. ಗ್ರೇಡ್ ಸಿ ಅಥವಾ ಡಿ, ಬಯಾಪ್ಸಿಯಲ್ಲಿ ಖಚಿತವಾದ ಬ್ಯಾರೆಟ್ಸ್ (ಆಮ್ಲದಿಂದ ಅನ್ನನಾಳದ ಒಳಪದರ ಬದಲಾಗಿರುವುದು), ಆಮ್ಲದಿಂದ ಅನ್ನನಾಳ ಕಿರಿದಾಗಿರುವುದು ಗಟ್ಟಿ ಪುರಾವೆಗಳು.

ಅಂಥ ಪುರಾವೆ ಇಲ್ಲದಿದ್ದರೆ ಅನ್ನನಾಳಕ್ಕೆ ಬರುವ ಆಮ್ಲವನ್ನು ಅಳೆಯುವ 24 ಗಂಟೆಯ ಪಿಎಚ್ ಪರೀಕ್ಷೆ ಬೇಕು. ಸಾಮಾನ್ಯವಾಗಿ ಒಂದು ವಾರ ಮೊದಲೇ ಆಮ್ಲ ಕಡಿಮೆ ಮಾಡುವ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಮೂಗಿಗೆ ಮರಗಟ್ಟುವ ಜೆಲ್ ಹಚ್ಚಿ, ನೀರು ಗುಟುಕರಿಸುತ್ತಿರುವಾಗಲೇ ಸಪೂರ ವಯರೊಂದನ್ನು ಇಳಿಸಿ, ಕೆನ್ನೆಗೆ ಪ್ಲಾಸ್ಟರ್ ಅಂಟಿಸಿ, ಸೊಂಟಕ್ಕೊಂದು ಪೆಟ್ಟಿಗೆ ಕಟ್ಟಿ ಮನೆಗೆ ಕಳಿಸುತ್ತಾರೆ. ಉರಿ ಬಂದಾಗಲೆಲ್ಲ ಅದರ ಗುಂಡಿ ಒತ್ತಬೇಕು, ಉಂಡದ್ದು ಮಲಗಿದ್ದು ಬರೆದಿಡಬೇಕು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿರುತ್ತದೆ, ಬೀದಿಗಿಳಿಯಲು ಮುಜುಗರ. ಅದಕ್ಕೆಂದೇ ಕೆಲವರು ಆ ದಿನ ಗಂಜಿ ಕುಡಿದು ಅಲ್ಲಾಡದೆ ಕೂತುಬಿಡುತ್ತಾರೆ. ಹಾಗೆ ಮಾಡಬೇಡಿ. ದಿನಾ ತಿನ್ನುವುದನ್ನೇ ತಿನ್ನಿ, ಬಗ್ಗುವ ಕೆಲಸ ಮಾಡಿ, ಯಾವಾಗಲೂ ಮಲಗುವ ಹೊತ್ತಿಗೇ ಮಲಗಿ. ಇಡೀ ಅವಧಿಯಲ್ಲಿ ಶೇಕಡಾ 6ಕ್ಕಿಂತ ಹೆಚ್ಚು ಹೊತ್ತು ಅನ್ನನಾಳದಲ್ಲಿ ಆಮ್ಲವಿದ್ದರೆ ರಿಫ್ಲಕ್ಸ್ ಖಚಿತ, ಶೇಕಡಾ 4ಕ್ಕಿಂತ ಕಡಿಮೆ ಇದ್ದರೆ ಸಹಜ. ನಡುವೆ ಬಂದರೆ ಉಳಿದ ಪುರಾವೆಗಳನ್ನು ಕೂಡಿಸಿ ನೋಡುತ್ತಾರೆ.

ಮ್ಯಾನೋಮೆಟ್ರಿಯನ್ನಂತೂ ಬಿಡಲೇಬಾರದು. ಅನ್ನನಾಳದ ಸ್ನಾಯು ಅನ್ನವನ್ನು ಕೆಳಗೆ ತಳ್ಳುವ ಬಲವನ್ನು ಅದು ಅಳೆಯುತ್ತದೆ. ಅಕಲೇಶಿಯಾ ಎಂಬ ಕಾಯಿಲೆಯಲ್ಲಿ ಕೆಳಗಿನ ಬಾಗಿಲೇ ತೆರೆಯುವುದಿಲ್ಲ. ಅಲ್ಲಿ ಕೊಳೆತ ಆಹಾರ ಮೇಲೆ ಬಂದು ಎದೆ ಉರಿಯುತ್ತದೆ, ನೋಡಲು ರಿಫ್ಲಕ್ಸ್‌ನಂತೆಯೇ ಇರುತ್ತದೆ. ಅಂಥವರಿಗೆ ಸುತ್ತು ಹಾಕಿದರೆ ನೀರು ಕೂಡ ಇಳಿಯದ ಸ್ಥಿತಿ ಬರಬಹುದು. ಎಂಡೋಸ್ಕೋಪಿ ಒಂದನ್ನೇ ನೋಡಿ ‘ನಾಳಿದ್ದು ಬನ್ನಿ, ಮಾಡಿಬಿಡೋಣ’ ಎನ್ನುವ ಕಡೆ ನಾನಾದರೆ ಮಾಡಿಸಿಕೊಳ್ಳುವುದಿಲ್ಲ.

ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಮಾತ್ರೆಯಿಂದ ಒಳ್ಳೆಯ ಗುಣ ಕಂಡವರಿಗೇ ಆಪರೇಷನ್ನಿನಿಂದಲೂ ಹೆಚ್ಚು ಗುಣ. ಎದೆಯುರಿ ಇಲ್ಲದೆ ಬರೀ ಕೆಮ್ಮು, ಗಂಟಲು ಕೆರೆತ, ದನಿ ಒಡೆಯುವುದು ಇದ್ದು, ಮಾತ್ರೆಯಿಂದ ಒಂದಿಷ್ಟೂ ಬದಲಾಗದಿದ್ದವರಲ್ಲಿ ಫಲಿತಾಂಶ ಹೀಗೇ ಎಂದು ಹೇಳಲಾಗದು. ಇದನ್ನು ತಾವಾಗಿಯೇ ನಿಮಗೆ ಹೇಳುವ ಸರ್ಜನ್‌ರನ್ನು ನಂಬಬಹುದು.

ಹಂತ 2: ಬೋರ್ಡಿನ ಮೇಲಿನ ಅಕ್ಷರಗಳನ್ನು ಓದಿ

ಡಿಎಂ ಗ್ಯಾಸ್ಟ್ರೊಎಂಟರಾಲಜಿ ಎಂದಿದ್ದರೆ ಅವರು ಔಷಧಿ ಮತ್ತು ಎಂಡೋಸ್ಕೋಪಿಯ ತಜ್ಞರು, ಈ ಆಪರೇಷನ್ ಮಾಡುವವರಲ್ಲ. ಎಂಎಸ್ ಅಥವಾ ಡಿಎನ್‌ಬಿ ಜನರಲ್ ಸರ್ಜರಿ ಮುಗಿಸಿ ಆಮೇಲೆ ಎಂಸಿಎಚ್ ಅಥವಾ ಡಿಆರ್‌ಎನ್‌ಬಿ ಸರ್ಜಿಕಲ್ ಗ್ಯಾಸ್ಟ್ರೊಎಂಟರಾಲಜಿ ಮಾಡಿದವರು ಜೀರ್ಣಾಂಗದ ಆಪರೇಷನ್ನಿಗೆಂದೇ ಹೆಚ್ಚುವರಿ ವರ್ಷಗಳ ತರಬೇತಿ ಪಡೆದವರು. ಎಫ್‌ಎನ್‌ಬಿ ಮಿನಿಮಲ್ ಆಕ್ಸೆಸ್ ಸರ್ಜರಿ ಕೂಡ ಪೂರ್ಣಾವಧಿ ತರಬೇತಿ. ಎಫ್‌ಎಂಎಎಸ್, ಎಫ್‌ಐಎಜಿಇಎಸ್‌ನಂಥವು ಸರ್ಜನ್‌ಗಳ ಸಂಘಗಳು ಕೊಡುವ ಫೆಲೋಶಿಪ್‌ಗಳು. ಇದ್ದರೆ ಒಳ್ಳೆಯದೇ, ಆದರೆ ಎಂಸಿಎಚ್‌ಗೆ ಸಮ ಎಂದು ತಿಳಿಯಬೇಡಿ.

ಎಂಸಿಎಚ್ ಇಲ್ಲದ ಹಿರಿಯ ಜನರಲ್ ಸರ್ಜನ್‌ಗಳಲ್ಲೂ ಈ ಆಪರೇಷನ್ನಿನಲ್ಲಿ ಪಳಗಿದವರಿದ್ದಾರೆ. ಎಂಸಿಎಚ್ ಆದವರಲ್ಲೂ ಪೂರ್ತಿ ಲಿವರ್ ಕಸಿಗೋ ಕರುಳಿನ ಕ್ಯಾನ್ಸರಿಗೋ ತಿರುಗಿ, ವರ್ಷಕ್ಕೆ ಒಂದೆರಡು ಫಂಡೊಪ್ಲಿಕೇಶನ್ ಮಾಡುವವರೂ ಇದ್ದಾರೆ. ಡಿಗ್ರಿ ನೋಡಿ ಪಟ್ಟಿ ಮಾಡಿಕೊಳ್ಳಿ, ನಿರ್ಧಾರವನ್ನು ಮುಂದಿನ ಹಂತಕ್ಕೆ ಬಿಡಿ.

ವೈದ್ಯರ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಬೇಕೆಂಬ ನಿಯಮವಿದೆ. ಅದನ್ನಿಟ್ಟುಕೊಂಡು ನ್ಯಾಷನಲ್ ಮೆಡಿಕಲ್ ಕಮಿಷನ್‌ನ ಆನ್‌ಲೈನ್ ರಿಜಿಸ್ಟರ್‌ನಲ್ಲಿ ಹೆಸರು, ಓದು, ಯಾವ ರಾಜ್ಯದ ಕೌನ್ಸಿಲ್ ಎಂದು ನೋಡಬಹುದು. ಕರ್ನಾಟಕದ ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ಅದರ ಪ್ರಮಾಣಪತ್ರ ಸಾಮಾನ್ಯವಾಗಿ ರಿಸೆಪ್ಷನ್ ಹತ್ತಿರದ ಗೋಡೆಯ ಮೇಲಿರುತ್ತದೆ.

ಹಂತ 3: ಎರಡು ಮೂರು ಹೆಸರು ಹುಡುಕುವ ದಾರಿ

ನಿಮ್ಮನ್ನು ಇಷ್ಟು ದಿನ ನೋಡಿದ ಗ್ಯಾಸ್ಟ್ರೊಎಂಟರಾಲಜಿಸ್ಟ್‌ರನ್ನೇ ಮೊದಲು ಕೇಳಿ. ಆದರೆ ‘ಒಳ್ಳೆ ಸರ್ಜನ್ ಯಾರು ಡಾಕ್ಟ್ರೇ?’ ಎಂದರೆ ಅದೇ ಆಸ್ಪತ್ರೆಯ ಹೆಸರು ಬರುವುದು ಸಹಜ. ‘ನೀವು ಕಳಿಸಿದ ರಿಫ್ಲಕ್ಸ್ ರೋಗಿಗಳಲ್ಲಿ ಆಪರೇಷನ್ ಆಗಿ ಒಂದು ವರ್ಷ ಕಳೆದ ಮೇಲೂ ಚೆನ್ನಾಗಿರುವವರು ಯಾರ ಹತ್ತಿರ ಮಾಡಿಸಿಕೊಂಡವರು?’ ಎಂದು ಕೇಳಿ. ಆಪರೇಷನ್ ಸರಿಹೋಗದವರು ಮತ್ತೆ ಬರುವುದು ಇವರ ಓಪಿಡಿಗೇ, ಹಾಗಾಗಿ ಇವರಿಗೆ ಗೊತ್ತಿರುತ್ತದೆ. ಮ್ಯಾನೋಮೆಟ್ರಿ ಲ್ಯಾಬ್ ಇರುವ ಆಸ್ಪತ್ರೆಗಳಿಂದ ಹುಡುಕಾಟ ಶುರುಮಾಡುವುದೂ ಒಳ್ಳೆಯದು.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಆದ ಗ್ಯಾಸ್ಟ್ರೊಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಮಣಿಪಾಲದ ಕಸ್ತೂರ್ಬಾ, ವೆಲ್ಲೂರಿನ ಸಿಎಂಸಿಯಂಥ ಬೋಧನಾ ಆಸ್ಪತ್ರೆಗಳಲ್ಲೂ ಜೀರ್ಣಾಂಗ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ವಿಭಾಗಗಳಿವೆ. ಕಾಯಬೇಕಾಗಬಹುದು. ರಿಫ್ಲಕ್ಸ್ ಆಪರೇಷನ್ನಿಗೆ ಸಾಮಾನ್ಯವಾಗಿ ಅವಸರವಿಲ್ಲ, ಕಾಯುವುದರಿಂದ ನಷ್ಟವಿಲ್ಲ. ದೊಡ್ಡ ಹರ್ನಿಯಾದಲ್ಲಿ ಜಠರ ತಿರುಚಿಕೊಂಡು ತಡೆಯಲಾರದ ನೋವು, ಓಕರಿಕೆ ಬಂದರೂ ವಾಂತಿಯಾಗದ ಸ್ಥಿತಿ ಬಂದರೆ ಮಾತ್ರ ಬೇರೆ. ಅದು ತುರ್ತು, ಆಗ ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡಬೇಕು.

ಫೋನ್‌ನಲ್ಲಿ ಕಾಣುವ ‘ನೋವಿಲ್ಲದ ಆಪರೇಷನ್, ಒಂದೇ ದಿನದಲ್ಲಿ ಮನೆಗೆ’ ಪ್ಯಾಕೇಜ್‌ಗಳ ಬಗ್ಗೆ ಹುಷಾರು. ಕೆಲವು ಕಡೆ ಮಾತಾಡುವವರು ಕಾಲ್ ಸೆಂಟರಿನವರು, ಸರ್ಜನ್ ಯಾರೆಂದು ತಿಳಿಯುವುದು ಅಡ್ಮಿಟ್ ಆದ ಮೇಲೆ. ನಿಮ್ಮ ರಿಪೋರ್ಟ್ ಓದದ, ನಿಮ್ಮನ್ನು ಮುಂಚೆ ಒಮ್ಮೆಯೂ ಕಾಣದ ಸರ್ಜನ್‌ಗೆ ಒಪ್ಪಿಗೆ ಕೊಡಬೇಡಿ.

ಹಂತ 4: ಎದುರು ಕೂತು ಕೇಳಬೇಕಾದ ಪ್ರಶ್ನೆಗಳು

ಇಲ್ಲೇ ನಮ್ಮವರು ಹಿಂಜರಿಯುವುದು. ಡಾಕ್ಟರನ್ನು ಎಷ್ಟು ಆಪರೇಷನ್ ಮಾಡಿದ್ದೀರಿ ಎಂದು ಕೇಳಿದರೆ ಸಿಟ್ಟಾಗುತ್ತಾರೇನೋ ಎಂಬ ಅಳುಕು. ಮರ್ಯಾದೆಯಿಂದ ಕೇಳಿದರೆ ಒಳ್ಳೆಯ ಸರ್ಜನ್ ಬೇಸರ ಪಡುವುದಿಲ್ಲ. ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

‘ಸಾರ್, ಫಂಡೊಪ್ಲಿಕೇಶನ್ ಒಂದನ್ನೇ ಲೆಕ್ಕ ಹಾಕಿದರೆ ನೀವು ಇದುವರೆಗೆ ಎಷ್ಟು ಮಾಡಿರಬಹುದು? ಕಳೆದ ಒಂದು ವರ್ಷದಲ್ಲಿ?’ ಎರಡೂ ಬೇಕು. ಆಸ್ಟ್ರೇಲಿಯಾದ ಅಡಿಲೇಡ್‌ನ ಸರ್ಜನ್‌ಗಳು 1996ರಲ್ಲಿ ತಮ್ಮದೇ ಲೆಕ್ಕ ತೆಗೆದು ತೋರಿಸಿದರು: ಒಬ್ಬ ಸರ್ಜನ್‌ನ ಮೊದಲ 20 ಆಪರೇಷನ್‌ಗಳಲ್ಲಿ, ಇಡೀ ತಂಡದ ಮೊದಲ 50ರಲ್ಲಿ ತೊಡಕುಗಳು ಹೆಚ್ಚು. ಅಂದರೆ ಕಲಿಕೆಯ ಆ ಮೊದಲ ಮೆಟ್ಟಿಲನ್ನು ಅವರು ಎಂದೋ ದಾಟಿರಬೇಕು, ಕೈ ಈಗಲೂ ರೂಢಿಯಲ್ಲಿರಬೇಕು. ಹತ್ತು ವರ್ಷದ ಹಿಂದೆ ನೂರು ಮಾಡಿ ಈಗ ಬಿಟ್ಟವರಿಗಿಂತ, ತಿಂಗಳಿಗೊಂದೆರಡಾದರೂ ತಪ್ಪದೆ ಮಾಡುವವರನ್ನು ನಾನು ಆರಿಸುತ್ತೇನೆ.

‘ನಿಮ್ಮ ರೋಗಿಗಳಲ್ಲಿ ಎಷ್ಟು ಜನ ಮತ್ತೆ ಮಾತ್ರೆಗೆ ಹೋಗುತ್ತಾರೆ?’ ಈ ಪ್ರಶ್ನೆಯನ್ನು ಮರೆಯಬೇಡಿ. ಸ್ವೀಡನ್‌ನಲ್ಲಿ ಇಡೀ ದೇಶದ ದಾಖಲೆ ಹಿಡಿದು 2,655 ರೋಗಿಗಳನ್ನು ನೋಡಿದಾಗ 17.7 ಶೇಕಡಾ ಜನರಿಗೆ ರಿಫ್ಲಕ್ಸ್ ಮರಳಿತ್ತು. ಹಾಗೆ ಮರಳಿದವರಲ್ಲಿ ಹೆಚ್ಚಿನವರು ಮಾತ್ರೆಗೆ ಹೋದರು, ಆರರಲ್ಲೊಬ್ಬರಿಗೆ ಮರು ಆಪರೇಷನ್ ಆಯಿತು. ಇದು 2017ರಲ್ಲಿ ಪ್ರಕಟವಾದ ಲೆಕ್ಕ. ಹೀಗಿರುವಾಗ ‘ನಮ್ಮಲ್ಲಿ ಒಬ್ಬರಿಗೂ ಹಾಗಾಗಿಲ್ಲ, ನೂರಕ್ಕೆ ನೂರು ಗ್ಯಾರಂಟಿ’ ಎಂಬ ಉತ್ತರ ಬಂದರೆ ಅವರು ಆಪರೇಷನ್ ಆದ ರೋಗಿಗಳನ್ನು ಮತ್ತೆ ವಿಚಾರಿಸಿಲ್ಲ ಎಂದೇ ಅರ್ಥ. ‘ಹತ್ತರಲ್ಲಿ ಒಬ್ಬಿಬ್ಬರು ಕೆಲವು ವರ್ಷದ ಮೇಲೆ ಮಾತ್ರೆಗೆ ಬರುತ್ತಾರೆ, ಕೆಲವರಿಗೆ ಬಲೂನ್ ಹಾಕಿ ಅನ್ನನಾಳವನ್ನು ಅಗಲ ಮಾಡಬೇಕಾಯಿತು’ ಎಂದು ಬಿಡಿಸಿ ಹೇಳುವವರ ಮಾತಿಗೆ ತೂಕವಿದೆ.

‘ನನಗೆ ಯಾವ ಸುತ್ತು, ಯಾಕೆ?’ 270 ಡಿಗ್ರಿ ಸುತ್ತಿನಲ್ಲಿ ನುಂಗುವ ತೊಂದರೆ, ಹೊಟ್ಟೆಯುಬ್ಬರ ಕಡಿಮೆ. ಉತ್ತರ ಯಾವುದೇ ಇರಲಿ, ಅದು ನಿಮ್ಮ ಮ್ಯಾನೋಮೆಟ್ರಿ ರಿಪೋರ್ಟನ್ನು ಮುಂದಿಟ್ಟುಕೊಂಡು ಬಂದಿರಬೇಕು. ಕಂಡಿ ಮುಚ್ಚಲು ಮೆಶ್ (ಬಲ ಕೊಡುವ ಜಾಲರಿ) ಹಾಕುತ್ತೀರಾ ಎಂದೂ ಕೇಳಿ. ದೊಡ್ಡ ಹರ್ನಿಯಾದಲ್ಲಿ ಅದರ ಬಗ್ಗೆ ಸರ್ಜನ್‌ಗಳಲ್ಲೇ ಭಿನ್ನಾಭಿಪ್ರಾಯವಿದೆ, ಅಪರೂಪಕ್ಕೆ ಮೆಶ್ ಅನ್ನನಾಳವನ್ನು ಕೊರೆಯುವುದುಂಟು.

‘ನೀವೇ ಮಾಡುತ್ತೀರಾ?’ ಬೋಧನಾ ಆಸ್ಪತ್ರೆಯಲ್ಲಿ ಕಿರಿಯರು ಸಹಾಯಕ್ಕಿರುವುದು ತಪ್ಪಲ್ಲ. ಸುತ್ತು ಹಾಕುವಾಗ ಹಿರಿಯರು ಮೇಜಿನ ಬಳಿ ಇರುತ್ತಾರೆಯೇ ಎಂದು ಸ್ಪಷ್ಟ ಮಾಡಿಕೊಳ್ಳಿ.

ತೂಕ ಬಹಳ ಹೆಚ್ಚಿದ್ದವರು, ಅದರಲ್ಲೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 35 ದಾಟಿದವರು, ತೂಕ ಇಳಿಸುವ ಆಪರೇಷನ್ನಾದ ಗ್ಯಾಸ್ಟ್ರಿಕ್ ಬೈಪಾಸ್ ಬಗ್ಗೆಯೂ ಕೇಳಬೇಕು. ತೂಕಕ್ಕೂ ರಿಫ್ಲಕ್ಸ್‌ಗೂ ಅದೊಂದೇ ಸಾಕಾಗಬಹುದು. ತೂಕ ಇಳಿಸಲೆಂದೇ ಮಾಡುವ ಸ್ಲೀವ್ ಆಪರೇಷನ್ ರಿಫ್ಲಕ್ಸನ್ನು ಹೆಚ್ಚಿಸಬಹುದು ಎಂಬುದನ್ನು ನೆನಪಿಡಿ.

ರೋಬೋಟ್ ಬಗ್ಗೆ ಒಂದೇ ಮಾತು: ಮೊದಲ ಸಲದ ಸಾಮಾನ್ಯ ಫಂಡೊಪ್ಲಿಕೇಶನ್‌ಗೆ ಲ್ಯಾಪ್ರೋಸ್ಕೋಪಿಗಿಂತ ರೋಬೋಟ್ ಉತ್ತಮ ಎಂದು ಸಾಬೀತಾಗಿಲ್ಲ, ಖರ್ಚು ಮಾತ್ರ ಹೆಚ್ಚು.

ಹಂತ 5: ಆಮೇಲಿನ ದಿನಗಳ ಬಗ್ಗೆ ಏನು ಹೇಳುತ್ತಾರೆ, ಕೇಳಿಸಿಕೊಳ್ಳಿ

ಈ ಆಪರೇಷನ್ ಎಷ್ಟೋ ಮಾಡಿದವರು ನಿಮ್ಮ ಊಟದ ತಟ್ಟೆಯ ತನಕ ವಿಚಾರಿಸುತ್ತಾರೆ. ಮೊದಲ ಕೆಲವು ವಾರ ಊತದಿಂದ ನುಂಗುವುದು ಕಷ್ಟ. ಗಂಜಿ, ತಿಳಿಸಾರು, ಮಜ್ಜಿಗೆಯಿಂದ ಶುರುವಾಗಿ ಮೆತ್ತಗೆ ಕಲಸಿದ ಅನ್ನಕ್ಕೆ ಬರಬೇಕು. ಒಣ ಚಪಾತಿ, ಬ್ರೆಡ್, ಮಾಂಸದ ತುಂಡು ಕಡೆಗೆ. ನಮ್ಮ ಕಡೆಯವರಿಗೆ ಇನ್ನೊಂದು ವಿಶೇಷ ಎಚ್ಚರಿಕೆ ಬೇಕು: ರಾಗಿ ಮುದ್ದೆಯನ್ನು ಅಗಿಯದೆ ನುಂಗುವುದು ರೂಢಿ, ಹೊಸದಾಗಿ ಸುತ್ತು ಹಾಕಿದ ಅನ್ನನಾಳದಲ್ಲಿ ಆ ತುತ್ತು ಅಲ್ಲೇ ನಿಂತುಬಿಡಬಹುದು. ಮಂಡ್ಯ, ಹಾಸನ, ಕೋಲಾರದ ಕಡೆಯವರು ಇದನ್ನು ತಾವಾಗಿಯೇ ಡಾಕ್ಟರಿಗೆ ಹೇಳಿ, ಯಾವಾಗಿನಿಂದ ಮುದ್ದೆ ತಿನ್ನಬಹುದು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅಲ್ಲಿಯವರೆಗೆ ರಾಗಿ ಅಂಬಲಿ ಕುಡಿಯಬಹುದು.

ತೇಗು ಸರಿಯಾಗಿ ಬರದಿರುವುದು, ವಾಂತಿ ಮಾಡಲಾಗದಿರುವುದು, ಹೊಟ್ಟೆಯುಬ್ಬರ, ಹೂಸು ಹೆಚ್ಚುವುದು, ಇವನ್ನೆಲ್ಲ ಮೊದಲೇ ಹೇಳಿದ್ದಾರೆಯೇ? ಆಪರೇಷನ್ ದಿನ ವಾಂತಿ ಬರದಂತೆ ಏನು ಮಾಡುತ್ತೀರಿ ಎಂದು ಕೇಳಿ. ಬಲವಾಗಿ ಓಕರಿಸಿದರೆ ಹೊಲಿಗೆ ಹರಿದು ಸುತ್ತು ಮೇಲೇರಬಹುದು, ಪಳಗಿದ ತಂಡ ಇದಕ್ಕೆ ಮುಂಚೆಯೇ ಔಷಧಿ ಕೊಡುತ್ತದೆ. ಹೊಲ, ಗಾರೆ ಕೆಲಸ, ಮೂಟೆ ಹೊರುವ ಕೆಲಸ ಇರುವವರು ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ಅದಕ್ಕೆ ತಕ್ಕಂತೆ ಸುಗ್ಗಿ, ರಜೆ ನೋಡಿಕೊಂಡು ತಾರೀಖು ಕೇಳಿ.

ಹಂತ 6: ಆಸ್ಪತ್ರೆ ಮತ್ತು ಹಣ

ಸರ್ಜನ್ ಎಷ್ಟೇ ನಿಪುಣರಾದರೂ ರಾತ್ರಿ ಹನ್ನೊಂದಕ್ಕೆ ಅನ್ನನಾಳದಲ್ಲಿ ತೂತಾದ ಅನುಮಾನ ಬಂದರೆ ಸಿಟಿ ಸ್ಕ್ಯಾನ್, ಐಸಿಯು, ಅರಿವಳಿಕೆ ತಜ್ಞರು ಅಲ್ಲೇ ಇರಬೇಕು. ಸಣ್ಣ ನರ್ಸಿಂಗ್ ಹೋಮ್‌ಗೆ ಸರ್ಜನ್ ಹೊರಗಿನಿಂದ ಬಂದು ಆಪರೇಷನ್ ಮಾಡಿ ಹೋಗುವ ಏರ್ಪಾಡಿದ್ದರೆ, ಆ ರಾತ್ರಿ ನಿಮ್ಮನ್ನು ನೋಡುವವರು ಯಾರು ಎಂಬುದಕ್ಕೆ ಹೆಸರು ಸಮೇತ ಉತ್ತರ ಪಡೆಯಿರಿ.

ಖರ್ಚಿನ ಅಂದಾಜನ್ನು ಬರಹದಲ್ಲಿ ಕೇಳಿ. ಮೆಶ್, ಬಳಸಿ ಬಿಸಾಡುವ ಉಪಕರಣ, ಒಂದು ದಿನ ಹೆಚ್ಚು ಉಳಿದರೆ ಆಗುವ ಖರ್ಚು ಅದರಲ್ಲಿ ಸೇರಿದೆಯೇ ನೋಡಿ. ವಿಮೆ ಇದ್ದರೆ ಪಾಲಿಸಿ ತೆರೆದು ಹರ್ನಿಯಾ ಎಂಬ ಪದ ಹುಡುಕಿ. ಹಲವು ಪಾಲಿಸಿಗಳಲ್ಲಿ ಅದಕ್ಕೆ ಎರಡು ವರ್ಷದ ಕಾಯುವ ಅವಧಿ ಇರುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಅಡ್ಮಿಟ್ ಆಗುವ ಮೊದಲೇ ಆರೋಗ್ಯ ಮಿತ್ರರ (ಯೋಜನೆಯ ಸಹಾಯಕರ) ಬಳಿ ಹೋಗಿ ವಿಚಾರಿಸಿ.

ಹಂತ 7: ಎರಡನೇ ಅಭಿಪ್ರಾಯ, ಆಮೇಲೆ ತಾರೀಖು

ಎರಡನೇ ಅಭಿಪ್ರಾಯ ರೋಗಿಯ ಹಕ್ಕು. ಅದನ್ನು ಮತ್ತೊಬ್ಬ ಸರ್ಜನ್‌ರಿಂದಲೇ ಪಡೆಯಬೇಕೆಂದಿಲ್ಲ. ಆಪರೇಷನ್ ಮಾಡದ, ಬೇರೆ ಆಸ್ಪತ್ರೆಯ ಗ್ಯಾಸ್ಟ್ರೊಎಂಟರಾಲಜಿಸ್ಟ್‌ಗೆ ಎಲ್ಲ ರಿಪೋರ್ಟ್ ತೋರಿಸಿ ‘ನನಗೆ ಇದು ಬೇಕೇ?’ ಎಂದು ಕೇಳುವುದು ನನಗೆ ಹೆಚ್ಚು ಉಪಯುಕ್ತ ಎನಿಸುತ್ತದೆ. ದಾಖಲೆ ಕೇಳಿದರೆ 72 ಗಂಟೆಯೊಳಗೆ ವೈದ್ಯರು ಕೊಡಬೇಕೆಂದು 2002ರ ವೈದ್ಯಕೀಯ ನಡತೆ ನಿಯಮದಲ್ಲೇ ಇದೆ. ಪಿಎಚ್ ಮತ್ತು ಮ್ಯಾನೋಮೆಟ್ರಿಯಲ್ಲಿ ಕೊನೆಯ ಪುಟದ ಸಾರಾಂಶ ಮಾತ್ರವಲ್ಲ, ಗ್ರಾಫ್‌ಗಳಿರುವ ಪೂರ್ತಿ ರಿಪೋರ್ಟ್ ಕೇಳಿ ಪಡೆಯಿರಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಮೂರು ವಿಷಯ ನೋಡಿ: ಸರ್ಜನ್ ಹೆಸರು, ಸುತ್ತಿನ ವಿಧ, ಲ್ಯಾಪ್ರೋಸ್ಕೋಪಿಯಿಂದ ಹೊಟ್ಟೆ ಕೊಯ್ಯುವ ವಿಧಾನಕ್ಕೆ ಬದಲಾಗುವ ಸಾಧ್ಯತೆ. ಇಂಗ್ಲಿಷ್ ಅರ್ಥವಾಗದಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಡಿಸ್ಚಾರ್ಜ್ ದಿನ ಸಮ್ಮರಿಯ ಜೊತೆಗೆ ಆಪರೇಷನ್ ನೋಟ್ಸ್ ಪ್ರತಿಯನ್ನೂ, ರೆಕಾರ್ಡ್ ಮಾಡಿದ್ದರೆ ವಿಡಿಯೋವನ್ನೂ ಕೇಳಿ ಇಟ್ಟುಕೊಳ್ಳಿ. ಮುಂದೆಂದಾದರೂ ತೊಂದರೆ ಬಂದು ಬೇರೆಯವರು ನೋಡಬೇಕಾದರೆ ಅವರು ಮೊದಲು ಕೇಳುವುದು ಅದನ್ನೇ. ಮನೆಗೆ ಹೋದ ಮೇಲೆ ನೀರೂ ಇಳಿಯದಿದ್ದರೆ, ಜ್ವರ ಬಂದರೆ, ಎದೆ ಅಥವಾ ಹೊಟ್ಟೆನೋವು ಹೆಚ್ಚುತ್ತಾ ಹೋದರೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದಾದ ನಂಬರನ್ನು ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಡಿ.